ಬೆಲ್ಲ, ಜ್ವರ ಮತ್ತು ಅವ್ವನ ಆಣೆ

ಪ್ರಪಂಚದಲ್ಲಿ ತನ್ನನ್ನು ತಾನೇ ಸರಿಯಾಗಿ ಆಳಿಕೊಳ್ಳಬಲ್ಲ ರಾಜ್ಯ ಒಂದೇ ಒಂದು, ಅದು ಮನುಷ್ಯನ ದೇಹ. ಹೊರಗೆ ಕೆಂಡದಂಥ ಬಿಸಿಲಿರಲಿ, ಹಲ್ಲು ಕಟಕಟಿಸುವ ಚಳಿಯಿರಲಿ, ಒಳಗಿನ ಶಾಖ ಒಂದೇ ಮಟ್ಟ. ಹಬ್ಬದೂಟವಾಗಲಿ, ಏಕಾದಶಿಯ ಉಪವಾಸವಾಗಲಿ, ನೆತ್ತರಿನ ಸಕ್ಕರೆ ತನ್ನ ಗೆರೆ ದಾಟದು. ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅಷ್ಟು ಕಾಲವೂ ನಾನು ಈ ಮಾತನ್ನು ಸೀಮೆಸುಣ್ಣ ಎತ್ತಿ ಹಿಡಿದು, ಕಣ್ಣು ಅರೆಮುಚ್ಚಿ ಹೇಳುತ್ತಿದ್ದೆ. ಹೋದ ಬೇಸಿಗೆಯಲ್ಲಿ ಹೊನ್ನೂರಿನ ನಮ್ಮಕ್ಕನ ಕೊಟ್ಟಿಗೆಯಲ್ಲಿ ಒಂದು ಹಸು ನನ್ನನ್ನು ನೋಡಿದ ನೋಟವನ್ನು ಕಂಡ ಮೇಲೆ ಹೇಳುವುದನ್ನು ಬಿಟ್ಟಿದ್ದೇನೆ.

ಇದೆಲ್ಲ ಈಗ ನೆನಪಾದದ್ದು ಒಂದು ಥರ್ಮಾಮೀಟರಿನಿಂದ. ಮೊನ್ನೆ ನಮ್ಮಾಕೆ ಸಾವಿತ್ರಿ ಹಳೆಯ ಟ್ರಂಕು ಕೆದಕುತ್ತಿದ್ದವಳು, ಮರದ ಹಲಗೆಗೆ ಎರಡು ಗಾಜಿನ ಕೊಳವೆ ಬಡಿದ ಸಾಮಾನೊಂದನ್ನು ಎತ್ತಿ ಹಿಡಿದು, "ಇದೇನ್ರೀ ಜೋಡಿ ಥರ್ಮಾಮೀಟ್ರು? ಗಂಡನಿಗೊಂದು, ಹೆಂಡ್ತಿಗೊಂದಾ?" ಎಂದಳು. ಕೊಳ್ಳೇಗಾಲದ ಪೇಟೆಯಲ್ಲಿ, ರೇಷ್ಮೆ ನೇಯುವ ಮನೆಯಲ್ಲಿ ಹುಟ್ಟಿದವಳು. ನೂಲು ಕಂಡವಳೇ ಹೊರತು ಹುಳು ಕಂಡವಳಲ್ಲ. ಅದು ಬಂಡಳ್ಳಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಯ ರೇಷ್ಮೆ ಹುಳದ ಕೋಣೆಯದು. ಒಂದು ಕೊಳವೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರಬೇಕು, ಇನ್ನೊಂದು ಒಣಗಿಯೇ ಇರಬೇಕು. ಎರಡರ ಅಂತರ ನೋಡಿ ಕೋಣೆಯ ಶಾಖ ಎಷ್ಟು, ತೇವ ಎಷ್ಟು ಎಂದು ತಿಳಿಯಬೇಕು. ರೇಷ್ಮೆ ಇಲಾಖೆಯವರು ಕೊಟ್ಟು ಹೋದದ್ದು. ನಮ್ಮವ್ವನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಶಾಖ ಎಲ್ಲಿಗೆ ನಿಲ್ಲಬೇಕು ಎಂದು ಕೇಳಿಕೊಂಡು ಗಾಜಿನ ಮೇಲೆ ಅಲ್ಲಿಗೊಂದು ಕುಂಕುಮದ ಬೊಟ್ಟಿಟ್ಟಳು. ಆಮೇಲೆ ಅದರ ಕಡೆ ನೋಡಿದ್ದು ಕಡಮೆ. ಕೋಣೆಯೊಳಗೆ ಕಾಲಿಟ್ಟೊಡನೆ ಹುಳದ ತಟ್ಟೆಯ ಹತ್ತಿರ ಕೆನ್ನೆ ಒಡ್ಡುತ್ತಿದ್ದಳು, ಅಷ್ಟೆ. ಥರ್ಮಾಮೀಟರಿಗೆ ಶುಕ್ರವಾರ ಶುಕ್ರವಾರ ಹೂವು ಮುಡಿಸುತ್ತಿದ್ದಳು.

ರೇಷ್ಮೆ ಹುಳುವನ್ನು ನೀವು ಹತ್ತಿರದಿಂದ ಕಂಡಿಲ್ಲದಿದ್ದರೆ ಒಂದು ಮಾತು ಹೇಳಬೇಕು. ಅದಕ್ಕೆ ಸ್ವಂತದ ಶಾಖ ಎಂಬುದಿಲ್ಲ. ಕೋಣೆ ಕಾದರೆ ಅದೂ ಕಾಯುತ್ತದೆ, ಕೋಣೆ ಆರಿದರೆ ಅದೂ ಆರುತ್ತದೆ. ಬೆವರುವುದಿಲ್ಲ, ನಡುಗುವುದಿಲ್ಲ, ಯಾರ ಹತ್ತಿರವೂ ದೂರು ಹೇಳುವುದಿಲ್ಲ. ಸುಮ್ಮನೆ ಸತ್ತುಹೋಗುತ್ತದೆ. ಆದ್ದರಿಂದ ಅದರ ಪರವಾಗಿ ಬೆವರುವುದು, ನಡುಗುವುದು ನಮ್ಮ ಮನೆಯವರ ಕೆಲಸವಾಗಿತ್ತು. ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಎರಚುತ್ತಿದ್ದೆವು. ಮಾಗಿಯ ಚಳಿಗೆ ಹುಳದ ಕೋಣೆಯಲ್ಲಿ ಇದ್ದಿಲಿನ ಒಲೆ ಉರಿಯುತ್ತಿತ್ತು, ನಾವು ಪಡಸಾಲೆಯಲ್ಲಿ ಒಂದೇ ಕಂಬಳಿಯನ್ನು ಎಳೆದಾಡುತ್ತಿದ್ದೆವು. "ನಮ್ಗೂ ವಸಿ ಬೆಂಕಿ ಹಾಕವ್ವಾ" ಎಂದು ಅಕ್ಕ ಗೋಗರೆದರೆ, "ನಿಂಗೆ ಮೈ ಅದೆ, ನಡುಗ್ಕೊ. ಅವುಕ್ಕೇನದೆ?" ಎಂದುಬಿಡುತ್ತಿದ್ದಳು. ಉಷ್ಣ ನಿಯಂತ್ರಣದ ಬಗ್ಗೆ ಇದಕ್ಕಿಂತ ಚಿಕ್ಕದಾದ, ಚೊಕ್ಕವಾದ ಪಾಠ ನನಗೆ ಆಮೇಲೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ನಿಜವಾದ ಜ್ವರವಲ್ಲ. ಪೊರೆ ಬಿಡುವ ಕಾಲಕ್ಕೆ ತಲೆಯೆತ್ತಿ ಅಲುಗಾಡದೆ ಕೂತುಬಿಡುತ್ತದಲ್ಲ, ಅದಕ್ಕೆ ನಮ್ಮ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ಹಾಕಬಾರದು, ಸದ್ದು ಮಾಡಬಾರದು, ಮುಟ್ಟಬಾರದು. ಅವ್ವ ಈ ಶಾಸ್ತ್ರವನ್ನು ಮನುಷ್ಯರಿಗೂ ಬಿಡದೆ ಅನ್ವಯಿಸಿದಳು. ನನಗೋ ಅಕ್ಕನಿಗೋ ಮೈ ಬಿಸಿಯಾದರೆ ಕೆನ್ನೆಯನ್ನು ಹಣೆಗೆ ಒತ್ತಿ ನೋಡಿ, "ಜ್ವರಕ್ಕೆ ಕುಂತದೆ, ಸೊಪ್ಪು ಹಾಕ್ಬ್ಯಾಡಿ" ಎಂದು ತೀರ್ಪು ಕೊಟ್ಟು ಕದ ಮುಂದೆ ಮಾಡಿಕೊಂಡು ಹೋಗುತ್ತಿದ್ದಳು. ಜ್ವರ ಬಿಟ್ಟೆದ್ದ ಮೇಲೆ ಗಂಜಿ. ನಾವಿಬ್ಬರೂ ಬದುಕಿ ಉಳಿದೆವು. ಅದರಿಂದ ಶಾಸ್ತ್ರ ಸರಿಯೆಂದು ಸಿದ್ಧವಾಯಿತು, ಕನಿಷ್ಠ ನಮ್ಮಕ್ಕನ ಮಟ್ಟಿಗೆ.

ಅಕ್ಕ ಪುಟ್ಟತಾಯಮ್ಮನನ್ನು ಕೊಟ್ಟದ್ದು ಯಳಂದೂರಿನ ಪಕ್ಕದ ಹೊನ್ನೂರಿಗೆ. ಭತ್ತ, ಕಬ್ಬು, ತೆಂಗು ಇರುವ ಮನೆ. ಆಲೆಮನೆಯೂ ಇದೆ. ಆ ಮನೆಯಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ಅಚ್ಚು ಬೆಲ್ಲ, ಒಂದು ಲೋಟ ನೀರು. ಮಾತು ಆಮೇಲೆ. ಕರೆಂಟು ಬಿಲ್ಲಿನವನಿಗೂ ಅದೇ, ಬೀಗರಿಗೂ ಅದೇ. ಬೆಲ್ಲ ಬೇಡವೆಂದವನು ಆ ಹೊಸ್ತಿಲಿಗೆ ಕಾಲಿಟ್ಟದ್ದು ನಾನು ಕಂಡಿರಲಿಲ್ಲ. ಕೊನೆಗೆ ಆ ಪಾಪಿ ನಾನೇ ಆದೆ.

ಆದದ್ದು ಇಷ್ಟು. ಎಡಗಣ್ಣಿಗೆ ಪೊರೆ ಬಂತು. ಬಲಗಣ್ಣು ಮೊದಲಿನಿಂದಲೂ ಹೆಸರಿಗೆ ಮಾತ್ರ. ಪೇಪರು ಓದಲಾಗದೆ ಹೋಯಿತು. ಅದನ್ನು ಓದಿ ಹೇಳುವ ಅಧಿಕಾರ ಸಾವಿತ್ರಿಯ ಕೈಗೆ ಬಂತು, ಅವಳು ಅದನ್ನು ಹಳೆಯ ಕಾಲದ ಸೆನ್ಸಾರ್ ಅಧಿಕಾರಿಯ ಹಾಗೆ ಚಲಾಯಿಸತೊಡಗಿದಳು. ರಾಜಕೀಯ ಓದಿದರೆ ನನಗೆ ಬಿಪಿ ಏರುತ್ತದೆಂದು ಅದನ್ನು ಬಿಟ್ಟಳು. ಅಪಘಾತದ ಸುದ್ದಿ ಬೆಳಿಗ್ಗೆ ಬೆಳಿಗ್ಗೆ ಬೇಡವೆಂದು ಬಿಟ್ಟಳು. ಸಂಪಾದಕೀಯ ಅವಳಿಗೇ ಬೇಸರ. ಉಳಿದದ್ದು ರೇಷ್ಮೆ ಗೂಡಿನ ಧಾರಣೆ, ಹವಾಮಾನ, ರಾಶಿಫಲ. "ಇಂದು ನಿಮಗೆ ಪ್ರಯಾಣ ಯೋಗ" ಎಂದು ಓದಿದ ಮೇಲೆ ಕೈಗೆ ಚೀಲ ಕೊಟ್ಟು ಅಂಗಡಿಗೆ ಕಳಿಸುತ್ತಿದ್ದಳು. ನನ್ನ ಪೇಪರು ನನಗೆ ವಾಪಸ್ಸು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನಕ್ಕರು. "ಮೇಷ್ಟ್ರೇ, ಸಕ್ಕರೆ ಬಹಳ ಏರಿದೆ. ಅದು ಇಳಿದ್ರೆ ಆಪರೇಷನ್ನು, ಇಳೀದಿದ್ರೆ ಹೀಗೇ" ಎಂದರು. ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗಲು ಮಾತ್ರೆಯನ್ನು ಇನ್ನೊಬ್ಬ ಡಾಕ್ಟರು ಬರೆದುಕೊಟ್ಟರು. ಒಂದು ತಿಂಗಳ ಗಡುವು, ಆಮೇಲೆ ಮತ್ತೆ ಪರೀಕ್ಷೆ.

ಈಗ ಪಾಠದ ವಿಷಯಕ್ಕೆ ಬರೋಣ. ಹೊಟ್ಟೆಯ ಹಿಂದುಗಡೆ, ಗೆಣಸಿನ ಆಕಾರದಲ್ಲಿ ಮೇದೋಜೀರಕ ಗ್ರಂಥಿ ಮಲಗಿರುತ್ತದೆ. ಕರಿಹಲಗೆಯ ಮೇಲೆ ನಾನು ಅದನ್ನು ಬಹಳ ಚೆನ್ನಾಗಿ ಬರೆಯುತ್ತಿದ್ದೆ. ಹನೂರಿನ ಕಡೆಯ ಮಕ್ಕಳಿಗೆ ಅರ್ಥವಾಗಲೆಂದು ಈಲಿಯನ್ನು, ಅಂದರೆ ಲಿವರನ್ನು, ಹಗೇವು ಎನ್ನುತ್ತಿದ್ದೆ. ಹಿಂದೆ ಅಂಗಳದಲ್ಲಿ ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುತ್ತಿದ್ದರಲ್ಲ, ಅದು. ಉಂಡ ಮೇಲೆ ಅಂಗಳದಲ್ಲಿ ಸಕ್ಕರೆಯ ರಾಶಿ ಬೀಳುತ್ತದೆ. ಮೇದೋಜೀರಕ ಇನ್ಸುಲಿನ್ ಎಂಬ ಆಳನ್ನು ಕಳಿಸಿ, ಬೇಕಾದಷ್ಟನ್ನು ಮನೆಮನೆಗೆ ಹಂಚಿಸಿ ಮಿಕ್ಕದ್ದನ್ನು ಹಗೇವಿಗೆ ಸುರಿಸುತ್ತದೆ. ಹಸಿದಾಗ ಇನ್ನೊಬ್ಬ ಆಳನ್ನು ಹಗ್ಗ ಕಟ್ಟಿ ಇಳಿಸಿ, ಬೇಕಾದಷ್ಟು ಮೇಲಕ್ಕೆ ತರಿಸುತ್ತದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಂದು ದನಿ ಕೇಳಿತು, "ಸಾ, ಅದು ರಜ ಆಕುದ್ರೆ?" ಅದು ರಜ ಹಾಕುವುದಿಲ್ಲ, ಕೂತ್ಕೊ ಎಂದಿದ್ದೆ. ನಾನು ನಿವೃತ್ತನಾದ ಮೇಲೆ ನನ್ನದು ಅರ್ಧ ದಿನದ ಲೆಕ್ಕದಲ್ಲಿ ರಜ ಹಾಕತೊಡಗಿತ್ತು, ಅರ್ಜಿಯನ್ನೂ ಕೊಡದೆ.

ಅಕ್ಕನಿಗೆ ಸುದ್ದಿ ಹೇಳಲು ನಾವಿರುವ ಕೊಳ್ಳೇಗಾಲದಿಂದ ಹೊನ್ನೂರಿಗೆ ಹೋದೆ. ಬೆಲ್ಲ ನೀರು ಬಂತು. ಕೈ ಅಡ್ಡ ಮಾಡಿದೆ.

"ಯಾಕ್ಲಾ ನಂಜ?"

"ಸಕ್ಕರೆ ಕಾಯಿಲೆ ಅಕ್ಕಾ."

"ಸಕ್ರೆ ಕಾಯ್ಲೆ ಬಂದ್ರೆ ಸಕ್ರೆ ಬುಡು. ಬೆಲ್ಲ ಏನ್ಮಾಡ್ತು? ಬೆಲ್ಲದ ಕಾಯ್ಲೆ ಅಂತ ಯಾರಿಗಾರ ಬಂದದಾ?"

ನಾನು ಗೆಣಸು, ಹಗೇವು, ಇಬ್ಬರು ಆಳು, ಎಲ್ಲವನ್ನೂ ವಿವರಿಸಿದೆ. ಅಕ್ಕ ಪೂರ್ತಿ ಕೇಳಿ, "ಅದು ಕಾರ್ಖಾನೆ ಸಕ್ರೆಗೆ. ಇದು ನಮ್ಮ ಆಲೆಮನೇದು. ಬೆಲ್ಲ ತಂಪು, ಬಿಸ್ಲಲ್ಲಿ ಬಂದಿದ್ದೀಯೆ, ತಿನ್ನು" ಎಂದಳು. ನಾನು ತಿನ್ನಲಿಲ್ಲ. ಅವಳ ಮುಖ ಸಣ್ಣಗಾಯಿತು. ಆ ತಿಂಗಳು ಎರಡು ಸಲ ಹೋದೆ, ಎರಡು ಸಲವೂ ತಟ್ಟೆಯಲ್ಲಿ ಬೆಲ್ಲ ಕೂತಿರುತ್ತಿತ್ತು. ನಾನು ಬೆಲ್ಲವನ್ನು ನೋಡುತ್ತಿದ್ದೆ, ಅಕ್ಕ ನನ್ನನ್ನು. ಎರಡನೆಯ ಸಲ ನನಗೇ ನನ್ನ ಮೇಲೆ ನಂಬಿಕೆ ತಪ್ಪಿ, ಗಂಭೀರವಾಗಿ ಎದ್ದು ನಿಂತು, "ಅಕ್ಕಾ, ಅವ್ವನ ಮೇಲೆ ಆಣೆ ಇಡು. ಆಪರೇಷನ್ ಆಗೋವರೆಗೂ ನಾನು ಕಾಲಿಗೆ ಬಿದ್ದು ಕೇಳಿದ್ರೂ ನಿನ್ನ ಕೈಯಿಂದ ನಂಗೆ ಬೆಲ್ಲ ಕೊಡಬಾರದು" ಎಂದೆ. ಅಕ್ಕ ಬೆಲ್ಲದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, "ಆಯ್ತು, ಅವ್ವನ ಆಣೆ" ಎಂದು ತಟ್ಟೆ ಒಳಕ್ಕೆ ತಕ್ಕೊಂಡು ಹೋದಳು. ಅಕ್ಕನ ಬಾಯಿಂದಲೇ ಸಾವಿತ್ರಿಗೂ ಫೋನಿನಲ್ಲಿ ಈ ಆಣೆಯ ವಿಷಯ ಹೇಳಿಸಿದೆ. ಮುಂದೆ ಅನುಭವಿಸಿದ್ದೆಲ್ಲ ಈ ದೂರದೃಷ್ಟಿಯ ಫಲ.

ಪರೀಕ್ಷೆಯ ಹಿಂದಿನ ದಿನ ಅಕ್ಕನಿಂದ ಫೋನು. ಹಸು ಕರು ಹಾಕಿದೆ, ಗಿಣ್ಣದ ಹಾಲು ತಕ್ಕೊಂಡು ಹೋಗು ಅಂತ. "ನೀವು ತಿನ್ನೋ ಹಾಗಿಲ್ಲ, ತಂದಾದ್ರೂ ಕೊಡಿ" ಎಂದು ಸಾವಿತ್ರಿ ಕ್ಯಾನು ಕೈಗಿಟ್ಟಳು. ಆ ಬೆಳಿಗ್ಗೆ ನನಗೊಂದು ವೈಜ್ಞಾನಿಕ ವಿಚಾರ ಹೊಳೆದಿತ್ತು. ಒಂದು ರಾತ್ರಿ ಉಪವಾಸವಿದ್ದು ಪರೀಕ್ಷೆಗೆ ಹೋದರೆ ಸಕ್ಕರೆ ಇಷ್ಟು ಇಳಿಯುತ್ತದೆ. ಹಿಂದಿನ ದಿನವೂ ಏನೂ ತಿನ್ನದಿದ್ದರೆ? ಹುಳು ಜ್ವರಕ್ಕೆ ಕೂತು ಸೊಪ್ಪು ಬಿಟ್ಟ ಹಾಗೆ ಒಂದು ದಿನ ಕೂತರೆ ಮಾರನೆಯ ಬೆಳಿಗ್ಗೆ ಹೊಸ ಪೊರೆಯಲ್ಲಿ ಏಳುತ್ತೇನಲ್ಲವೇ? ಹೊನ್ನೂರಿನಲ್ಲಿ ತಿನ್ನುತ್ತೇನೆಂದು ಸಾವಿತ್ರಿಗೆ ಹೇಳಿ, ತಿಂಡಿ ಬಿಟ್ಟು ಹೊರಟೆ. ಮಾತ್ರೆ ಬಿಡಲಿಲ್ಲ. ಅದರಲ್ಲಿ ನಾನು ಬಹಳ ಶಿಸ್ತು.

ಹುಳು ಮಾತ್ರೆ ನುಂಗುವುದಿಲ್ಲ ಎಂಬ ಸಂಗತಿ ಯಳಂದೂರಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ನೆನಪಾಯಿತು. ಕೈ ನಡುಗತೊಡಗಿತ್ತು. ಹೊನ್ನೂರಿನ ಆಟೋದಲ್ಲಿ ಎದೆ ಡವಗುಟ್ಟಿತು. ನೆತ್ತಿಯ ಮೇಲೆ ಬಿಸಿಲು, ಬೆನ್ನಲ್ಲಿ ತಣ್ಣನೆ ಬೆವರು. ಮೈ ಬಿಸಿಯಾದಾಗ ಬೆವರಬೇಕು, ತಣ್ಣಗಾದಾಗ ನಡುಗಬೇಕು. ಎರಡನ್ನೂ ಒಟ್ಟಿಗೆ ಮಾಡುವ ರಾಜ್ಯದಲ್ಲಿ ಆಡಳಿತ ಕುಸಿದಿದೆ ಎಂದೇ ಅರ್ಥ. ಹಗೇವಿನ ಲೆಕ್ಕದಲ್ಲಿ ಹೇಳುವುದಾದರೆ, ಅಂಗಳಕ್ಕೆ ಹೊಸ ರಾಶಿ ಬಂದಿರಲಿಲ್ಲ. ಮಾತ್ರೆ ಎಂಬ ಕಂಟ್ರಾಕ್ಟರು ಇದ್ದಬದ್ದ ಕೊನೆಯ ಮೊರದಷ್ಟನ್ನೂ ಬಳಿದು ಒಳಕ್ಕೆ ಸುರಿಸುತ್ತಲೇ ಇದ್ದ. ಮೇಲಕ್ಕೆ ತರುವ ಆಳಿನ ಹಗ್ಗವನ್ನು ಅವನೇ ಹಿಡಿದುಕೊಂಡಿದ್ದ.

ಅಕ್ಕನ ಜಗುಲಿಗೆ ಬಂದು ಕೂತೆನೋ ಬಿದ್ದೆನೋ ತಿಳಿಯದು.

"ಏನ್ಲಾ ಇಂಗ್ ನಡುಗ್ತಾ ಇದ್ದೀಯೆ! ಜ್ವರ ಕಣ್ಲಾ!" ಎಂದು ಅಕ್ಕ ದುಪ್ಪಟಿ ತಂದು ಹೊದಿಸಿದಳು. "ಜ್ವರಕ್ಕೆ ಕುಂತಿದ್ದೀಯೆ. ಒಟ್ಟೆಗೇನೂ ಬ್ಯಾಡ. ಬಿದ್ಕೊ."

"ಜ್ವರ ಅಲ್ಲ ಅಕ್ಕಾ" ಎಂದೆ. ನಾಲಿಗೆ ದಪ್ಪಗಾಗಿತ್ತು.

ಅಕ್ಕ ಬಗ್ಗಿ ಅವ್ವನ ಹಾಗೆಯೇ ಕೆನ್ನೆಯನ್ನು ನನ್ನ ಹಣೆಗೆ ಒತ್ತಿದಳು. ತಟಕ್ಕನೆ ಹಿಂದಕ್ಕೆ ತೆಗೆದಳು. "ಅಯ್ಯೋ, ತಣ್ಣಗದಲ್ಲೋ! ಬೆವ್ರು ಕಿತ್ಕಂಡು ಬತ್ತಾ ಅದೆ. ಏನ್ ಜ್ವರವ್ಲಾ ಇದು?" ಎಂದಾಗ ಅವಳ ದನಿಯಲ್ಲಿ ಗಾಬರಿ ಇತ್ತು. ಅವ್ವನ ಶಾಸ್ತ್ರದಲ್ಲಿ ತಣ್ಣನೆಯ ಜ್ವರಕ್ಕೆ ಅಧ್ಯಾಯವಿರಲಿಲ್ಲ.

"ಬೆಲ್ಲ ಕೊಡು" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ಏನಂದೆ?"

"ಬೆಲ್ಲ. ಬೇಗ. ಸಕ್ಕರೆ ಇಳಿದುಬಿಟ್ಟದೆ."

"ಇಳೀಲಿ ಅಂತಾನೇ ಅಲ್ವೇನ್ಲಾ ನೀನು ತಿಂಗ್ಳಿಂದ ಒದ್ದಾಡ್ತಿದ್ದದ್ದು?"

"ಬಹಳ ಇಳಿದದೆ!"

"ಬೋ ಇಳುದ್ರೆ ಒಳ್ಳೇದೇ ಅಲ್ವಾ? ನಾಳೆ ಡಾಕುಟ್ರು ಕುಸಿ ಪಡ್ತಾರೆ."

ಈ ತರ್ಕಕ್ಕೆ ಉತ್ತರ ನನ್ನ ಹತ್ತಿರವಿತ್ತು. ಆದರೆ ಉತ್ತರ ಹೇಳಲು ಮಿದುಳಿಗೆ ಸಕ್ಕರೆ ಬೇಕು. ಬೆಳಕಿನ ಸುತ್ತ ಬೂದಿಯಂಥದು ಕಟ್ಟತೊಡಗಿತು. ಪೊರೆಯಿದ್ದ ಕಣ್ಣಿಗೇ ಹೀಗೋ, ಎರಡಕ್ಕೂ ಹೀಗೋ ಎಂದು ತಿಳಿಯದೆ ನನಗೆ ನಿಜಕ್ಕೂ ಭಯವಾಯಿತು. ನಾನು ಅಕ್ಕನ ಕಾಲ ಕಡೆ ಕೈ ಚಾಚಿದೆ.

"ನೋಡು, ಕಾಲಿಗೂ ಬಿದ್ದ! ನೀನೇ ಯೋಳಿದ್ದೆ, ಕಾಲಿಗೆ ಬಿದ್ರೂ ಕೊಡ್ಬ್ಯಾಡ ಅಂತ" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. "ಅವ್ವನ ಆಣೆ ಇಡಿಸ್ಕಂಡೀಯೆ. ನನ್ ಕೈಯಾರೆ ಎಂಗ್ಲಾ ಕೊಡ್ಲಿ?"

ಅಷ್ಟರಲ್ಲಿ ಫೋನು ತೆಗೆದು ಸಾವಿತ್ರಿಗೆ ಮಾಡಿದಳು. ಆ ಕಡೆಯಿಂದ ವಿಷಯ ಪೂರ್ತಿ ಕೇಳುವ ಮೊದಲೇ ಸ್ಪಷ್ಟವಾದ ಉತ್ತರ ಬಂತು. "ಏನು ಕೇಳಿದ್ರೂ ಕೊಡಬೇಡಿ ಅತ್ತಿಗೆ! ನಾಟಕ!" ಸಿಗ್ನಲ್ಲು ಕಡಿದುಹೋಯಿತು. ಅಕ್ಕ ಫೋನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು. ಏನನ್ನೋ ನಿಶ್ಚಯಿಸಿದವಳ ಹಾಗೆ ಒಳಕ್ಕೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು, ಕೊಟ್ಟಿಗೆಯ ಕದ ಕಿರುಗುಟ್ಟಿತು. ವಾಪಸ್ಸು ಬಂದು ನನ್ನ ಕಡೆ ನೋಡದೆ ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು.

"ನಾ ಬೀದಿಗೋಗಿ ಸಿಗ್ನಲ್ ಸಿಕ್ಕೋ ಕಡೆ ನಿಂತ್ಕಂಡು ಮಾತಾಡ್ಕ ಬತ್ತೀನಿ. ಬಾಣಂತಿ ಅಸೂಗೆ ಬೆಲ್ಲ ಇಟ್ಟಿವ್ನಿ. ನಾಯಿ ಗೀಯಿ ಬಾಯಾಕದಂಗೆ ವಸಿ ನೋಡ್ಕೊ."

ಕೊಟ್ಟಿಗೆ ಜಗುಲಿಗೆ ಅಂಟಿಕೊಂಡೇ ಇತ್ತು. ದುಪ್ಪಟಿ ಹೊದ್ದು, ಗೋಡೆ ಹಿಡಿದು, ಕೊನೆಗೆ ಮಂಡಿಯೂರಿಯೇ ಹೋದೆ. ಹಸುವಿನ ಮುಂದೆ ಬೂಸದ ಬಕೆಟ್ಟು, ಅದರ ಮೇಲೆ ಬೆಲ್ಲ. ಎರಡು ಕೈಯಲ್ಲೂ ತಕ್ಕೊಂಡು ಕಡಿದೆ. ಬೂಸ ಅಂಟಿತ್ತು, ಅಂಟಿಕೊಂಡೇ ಒಳಕ್ಕೆ ಹೋಯಿತು. ಜಗದೇಕ ಗಂಭೀರ ಪ್ರಾಣಿಯೆಂದರೆ ಕರು ಹಾಕಿದ ಹಸು. ಅದು ತನ್ನ ಬಕೆಟ್ಟಿನಲ್ಲಿ ಬಾಯಿಟ್ಟ ನಿವೃತ್ತ ವಿಜ್ಞಾನ ಶಿಕ್ಷಕನನ್ನು ತಲೆಯಿಂದ ಮಂಡಿಯವರೆಗೆ ನೋಡಿ, ಕರುವನ್ನು ಮೂತಿಯಿಂದ ನನ್ನ ಕಡೆಯಿಂದ ಆಚೆಗೆ ತಳ್ಳಿತು. ಕೆಟ್ಟ ಸಹವಾಸ ಬೇಡವೆಂದಿರಬೇಕು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬೆವರು ಆರಿತು. ಲೋಕದ ಅಂಚುಗಳೆಲ್ಲ ಸ್ವಸ್ಥಾನಕ್ಕೆ ಬಂದವು. ಆಗ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಫೋನು ಕಿವಿಗಿಟ್ಟುಕೊಂಡು ನಿಂತಿದ್ದಳು.

"ಅಯ್ಯಯ್ಯೋ, ಅಸೂಗಿಟ್ಟ ಬೆಲ್ಲ ಕಣ್ಲಾ ಅದು! ಬಾಣಂತಿ ಬೆಲ್ಲ ತಿಂದ ಮೇಷ್ಟ್ರು ಅಂತ ಊರು ಆಡ್ಕತದೆ!" ಎಂದು, ಫೋನಿಗೆ ಹೇಳಿದಳು. "ನೋಡು ಸಾವಿತ್ರಿ, ನಾನ್ ಕೊಡ್ನಿಲ್ಲ ಕಣವ್ವ. ಅವ್ನೇ ಬಾಯಾಕವ್ನೆ. ಅವ್ವನ ಆಣೆ ಅಂಗೇ ಅದೆ."

ನಾನು ಕೈ ಒರೆಸಿಕೊಳ್ಳುತ್ತ ಬಕೆಟ್ಟಿನ ಕಡೆ ನೋಡಿದೆ. ಹಸುವಿಗೆ ಬೆಲ್ಲವನ್ನು ಕುಟ್ಟಿ ಬೂಸಕ್ಕೆ ಕಲಸುವುದು ವಾಡಿಕೆ. ಇಲ್ಲಿದ್ದದ್ದು ಇಡೀ ಅಚ್ಚುಗಳು, ಬಂದವರಿಗೆ ಕೊಡುವಂಥವು. ಬಕೆಟ್ಟಿನ ಪಕ್ಕದಲ್ಲಿ, ಗೋಡೆಯ ಮೂಲೆಗೆ ಒತ್ತಿಸಿ, ಒಂದು ಲೋಟ ನೀರಿತ್ತು. ಹಸು ಲೋಟದಲ್ಲಿ ನೀರು ಕುಡಿಯುವುದಿಲ್ಲ.

ನಾನು ಕುಡಿದೆ. ಅಕ್ಕ ಬೇರೆ ಕಡೆ ನೋಡುತ್ತಿದ್ದಳು.

ಆಮೇಲೆ ಮುದ್ದೆ, ಸಾರು ಉಂಡೆ. ಆಣೆ ಬೆಲ್ಲಕ್ಕೆ ಮಾತ್ರ ಇಟ್ಟದ್ದು, ಗಿಣ್ಣಕ್ಕಲ್ಲ ಎಂಬ ಅಂಶವನ್ನು ಅಕ್ಕನೇ ಎತ್ತಿದಳು. ಅದರಲ್ಲಿರುವುದೂ ಬೆಲ್ಲವೇ ಅಲ್ಲವೇ ಎಂದು ವಾದಿಸುವ ಶಕ್ತಿ ಆ ದಿನ ನನಗಿರಲಿಲ್ಲ. ಕ್ಯಾನು ಹಿಡಿದು ಕೊಳ್ಳೇಗಾಲಕ್ಕೆ ಬಂದಾಗ ಸಾವಿತ್ರಿ ಬಾಗಿಲಲ್ಲೇ ನಿಂತಿದ್ದಳು. ಬೈಯಲೆಂದು ಬಾಯಿ ತೆರೆದವಳು, ಹತ್ತಿರ ಬಂದು ಅಂಗೈಯಿಂದ ನನ್ನ ಹಣೆ ಮುಟ್ಟಿ ನೋಡಿ, "ಮೀಸೇಲಿ ಬೂಸ ಇದೆ" ಎಂದಷ್ಟೇ ಅಂದಳು.

ಮಾರನೆಯ ಬೆಳಿಗ್ಗೆ ಪರೀಕ್ಷೆ. ಸಕ್ಕರೆ ಮೊದಲಿಗಿಂತಲೂ ಮೇಲಿತ್ತು. ಮಾತ್ರೆ ಬರೆದಿದ್ದ ಡಾಕ್ಟರು ಕಾಗದ ಹಿಡಿದು ಕೇಳಿದರು. "ನಿನ್ನೆ ಏನು ತಿಂದ್ರಿ ಮೇಷ್ಟ್ರೇ?"

"ಹಸುವಿನದು" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕತೆ ಕೇಳಿದರು. ನಗಲಿಲ್ಲ. ಮಾತ್ರೆ ನುಂಗಿ ಊಟ ಬಿಡುವುದು ಜೀವಕ್ಕೇ ಅಪಾಯ ಎಂದರು. ಸಕ್ಕರೆ ಹಾಗೆ ಪಾತಾಳಕ್ಕೆ ಬಿದ್ದರೆ ಮೈ ಹೆದರಿ ಇದ್ದದ್ದನ್ನೆಲ್ಲ ಮೇಲಕ್ಕೆ ಎತ್ತಿ ಸುರಿಯುತ್ತದೆ, ಮೇಲಿಂದ ನೀವು ಬೆಲ್ಲ, ಗಿಣ್ಣ ಬೇರೆ ಸುರಿದಿದ್ದೀರಿ ಎಂದರು. ಒಂದು ದಿನದ ಉಪವಾಸಕ್ಕೆ ಮೋಸ ಹೋಗದ, ಮೂರು ತಿಂಗಳ ಹಿಂದಿನ ಗುಟ್ಟನ್ನೂ ಹೊರಗೆಡಹುವ ರಕ್ತ ಪರೀಕ್ಷೆ ಇದೆಯೆಂದೂ ಹೇಳಿದರು. ನನಗದು ಗೊತ್ತಿತ್ತು. ಪಾಠ ಮಾಡಿದ್ದೆ. ಮಾತ್ರೆಯ ಪ್ರಮಾಣ ತಗ್ಗಿಸಿ, ಹೊತ್ತು ಹೊತ್ತಿಗೆ ಇಷ್ಟಿಷ್ಟು ತಿನ್ನಿ ಎಂದು ಬರೆದುಕೊಟ್ಟರು. ಆಪರೇಷನ್ನು ಮುಂದಕ್ಕೆ ಹೋಯಿತು.

ಈಗ ನನ್ನ ಆಡಳಿತ ನನ್ನ ಕೈಯಲ್ಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತದೆ, ಹೊತ್ತಿಗೆ ಸರಿಯಾಗಿ ಮಾತ್ರೆ ಬರುತ್ತದೆ. ಸಂಜೆ ನಡೆಯಲು ಚಪ್ಪಲಿ ಎದುರಿಗೆ ಬಂದು ಕೂರುತ್ತದೆ. ಬೇಸಿಗೆ ಬಂದರೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಾರೆ, ಚಳಿ ಬಂದರೆ ಸ್ವೆಟರು. ಜೇಬಿನಲ್ಲಿ ಒಂದು ಸಣ್ಣ ಬೆಲ್ಲದ ಉಂಡೆ ಸದಾ ಇರಬೇಕೆಂದು ಡಾಕ್ಟರೇ ಹೇಳಿದ್ದಾರೆ. ಅದನ್ನು ಕಾಗದದಲ್ಲಿ ಸುತ್ತಿ ಕಳಿಸುವುದು ಹೊನ್ನೂರಿನ ಅಕ್ಕ. ಡಾಕ್ಟರ ಚೀಟಿ ತೋರಿಸಿದ ಮೇಲೆ ಅವ್ವನ ಆಣೆ ತಾನಾಗಿ ಬಿಟ್ಟುಹೋಯಿತೆಂದು ಅವಳ ವಾದ. ಆ ಜೋಡಿ ಥರ್ಮಾಮೀಟರನ್ನು ಸಾವಿತ್ರಿ ಕ್ಯಾಲೆಂಡರಿನ ಪಕ್ಕ ಮೊಳೆಗೆ ನೇತುಹಾಕಿದ್ದಾಳೆ, ನೋಡಲು ಚೆನ್ನಾಗಿದೆ ಅಂತ. ಕುಂಕುಮದ ಬೊಟ್ಟು ಮಾಸಿದೆ. ಅದರ ಕೆಳಗೆ ನನ್ನ ಕುರ್ಚಿ.

ಆ ಪರೀಕ್ಷೆಯಾಗಿ ಎರಡು ತಿಂಗಳು ಕಳೆದ ಮೇಲೆ, ಡಾಕ್ಟರು ಹೇಳಿದ ಗೆರೆಯೊಳಗೆ ಸಕ್ಕರೆ ಬಂತು. ಎಡಗಣ್ಣಿನ ಪೊರೆ ತೆಗೆದರು. ಪೇಪರನ್ನು ಈಗ ನಾನೇ ಓದುತ್ತೇನೆ.